ದೂರು ನಿಜ, ಮದ್ದು ಊಹೆ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ಜಾತ್ರೆ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಈಚೆಗೆ ಮನೆಯಲ್ಲೇ ಕಂಪ್ಯೂಟರಿನಲ್ಲಿ ಪಿಟೀಲು, ಚೆಲ್ಲೊ, ಡಬಲ್ ಬೇಸ್, ಕೊಳಲು, ತಬಲಾ ಎಲ್ಲ ಸೇರಿಸಿ ಒಂದು ವಾದ್ಯವೃಂದದ ಟ್ರ್ಯಾಕ್ ಮಾಡಿ ಗೆಳೆಯರಿಗೆ ಕಳಿಸಿದೆ. ಒಬ್ಬ ಬೇಸ್ ವಿಪರೀತ ಅಂದ, ಒಬ್ಬ ಬೇಸೇ ಇಲ್ಲ ಅಂದ, ಮತ್ತೊಬ್ಬ ಪಿಟೀಲು ಏರಿಸು ಅಂದ, ಇನ್ನೊಬ್ಬ ಸೂಪರ್ ಅಂದ. ಯಾರ ಮಾತು ಕೇಳಲಿ?’

ಎಲ್ಲರ ಮಾತನ್ನೂ ಕೇಳಿ, ‘ಸೂಪರ್’ ಒಂದನ್ನು ಬಿಟ್ಟು. ಅದರಲ್ಲಿ ಪ್ರೀತಿ ಇದೆ, ಮಾಹಿತಿ ಇಲ್ಲ. ಉಳಿದ ಮೂರೂ ಮಾತು ಒಂದಕ್ಕೊಂದು ಹೊಡೆದಾಡಿದಂತೆ ಕಂಡರೂ ಮೂರೂ ನಿಜವಾಗಿರಬಹುದು. ಹೇಗೆಂದು ತಿಳಿಯಬೇಕಾದರೆ ಗೆಳೆಯರ ಕಿವಿಗಿಂತ ಮೊದಲು ಮಿಕ್ಸ್ ಮಾಡಿದ ಕೋಣೆಯನ್ನು ನೋಡಬೇಕು.

ಹತ್ತು ಅಡಿ ಅಗಲದ, ಆರ್‌ಸಿಸಿ ಛಾವಣಿಯ ಕೋಣೆ ಎಂದಿಟ್ಟುಕೊಳ್ಳಿ. ಬಳ್ಳಾರಿ ಸೀಮೆಯ 35 ಡಿಗ್ರಿ ಸೆಖೆಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 352 ಮೀಟರ್ ಓಡುತ್ತದೆ. ಅಷ್ಟು ಅಂತರದ ಎರಡು ಗೋಡೆಗಳ ನಡುವೆ 58 ಹರ್ಟ್ಸ್ ಆಸುಪಾಸಿನ ಸ್ವರ ಹೋಗಿ ಬಂದು ನಿಂತ ಅಲೆಯಾಗುತ್ತದೆ. ಗೋಡೆಯ ಬಳಿ ಅದು ಗುಂಯ್‌ಗುಡುತ್ತದೆ, ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ 41 ಹರ್ಟ್ಸ್‌ನಿಂದ ಶುರು, ಅಂದರೆ ಈ 58 ಅದರ ಮನೆಯಂಗಳದಲ್ಲೇ ಇದೆ. ನಾವೆಲ್ಲ ಕುರ್ಚಿ ಹಾಕಿಕೊಳ್ಳುವುದು ಕೋಣೆಯ ನಡುವೆ. ಅಲ್ಲಿ ಬೇಸ್ ಕೇಳದು. ಕೇಳದ್ದನ್ನು ಕೈ ತಾನಾಗಿ ಏರಿಸುತ್ತದೆ.

ಇನ್ನೊಂದು ಕಾರಣ ಕಿವಿಯೊಳಗೇ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ಡಬ್ಲ್ಯು.ಎ. ಮನ್ಸನ್ 1933ರಲ್ಲಿ ಕೇಳುಗರಿಗೆ 1000 ಹರ್ಟ್ಸ್‌ನ ಸ್ವರವನ್ನೂ ಬೇರೆ ಬೇರೆ ಸ್ವರಗಳನ್ನೂ ಕೇಳಿಸಿ, ಯಾವುದು ಯಾವುದಕ್ಕೆ ಸಮ ಜೋರಾಗಿದೆ ಎಂದು ಹೋಲಿಸಿ ನಕ್ಷೆ ಬರೆದರು. ನಮ್ಮ ಕಿವಿ ಅತಿ ಚುರುಕಾಗಿರುವುದು 3000–4000 ಹರ್ಟ್ಸ್ ಸುತ್ತ. ಕೆಳಗಿನ ಸ್ವರಗಳಿಗೆ ಅದು ಮಂದ, ಅದರಲ್ಲೂ ಸದ್ದು ಸಣ್ಣದಾಗಿದ್ದಾಗ ಬಹಳ ಮಂದ. ರಾತ್ರಿ ಮನೆಮಂದಿ ಮಲಗಿದ ಮೇಲೆ ಸಣ್ಣ ಸದ್ದಿನಲ್ಲಿ ಮಿಕ್ಸ್ ಮಾಡುವವರು ಬೇಸನ್ನು ಏರಿಸಿಯೇ ಏರಿಸುತ್ತಾರೆ. ಕೋಣೆ ಮತ್ತು ಕಿವಿ ಎರಡೂ ಒಂದೇ ಕಡೆಗೆ ತಳ್ಳುತ್ತವೆ. ಅದನ್ನೇ ಗೆಳೆಯನೊಬ್ಬ ಕಾರಿನಲ್ಲಿ ಜೋರಾಗಿ ಹಾಕಿದಾಗ ‘ವಿಪರೀತ’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ‘ಬೇಸೇ ಇಲ್ಲ’ ಎಂದವನು ಬಹುಶಃ ಮೊಬೈಲಿನ ಸ್ಪೀಕರಿನಲ್ಲಿ ಕೇಳಿದ್ದಾನೆ. ಆ ಪುಟ್ಟ ಸ್ಪೀಕರಿನಲ್ಲಿ 58 ಹರ್ಟ್ಸ್ ಹೊರಡುವುದೇ ಇಲ್ಲ. ಆದ್ದರಿಂದ ‘ಹೇಗಿದೆ?’ ಎಂದು ಕೇಳುವ ಮೊದಲು ‘ಯಾವುದರಲ್ಲಿ ಕೇಳಿದೆ?’ ಎಂದು ಕೇಳಬೇಕು.

ಮನ್ಸನ್ ಜತೆ ನಕ್ಷೆ ಬರೆದ ಈ ಫ್ಲೆಚರ್ ಸಾಮಾನ್ಯ ಆಸಾಮಿಯಲ್ಲ. ಅದೇ 1933ರ ಏಪ್ರಿಲ್ 27ರಂದು ಅವರ ತಂಡ ಒಂದು ಅಪರೂಪದ ಪ್ರಯೋಗ ಮಾಡಿತು. ಫಿಲಡೆಲ್ಫಿಯಾ ವಾದ್ಯವೃಂದ ನುಡಿಸಿದ್ದು ಫಿಲಡೆಲ್ಫಿಯಾದಲ್ಲಿ, ಜನ ಕೂತು ಕೇಳಿದ್ದು ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ. ನಡುವೆ ಟೆಲಿಫೋನ್ ತಂತಿಗಳು. ಆ ಕಡೆ ಮೂರು ಮೈಕು, ಈ ಕಡೆ ಮೂರು ದಿಕ್ಕಿನ ಸ್ಪೀಕರು. ವೃಂದದ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ ಆ ದಿನ ವಾದಕರ ಮುಂದೆ ನಿಲ್ಲಲಿಲ್ಲ. ಆ ಕೆಲಸವನ್ನು ಸಹಾಯಕ ಅಲೆಕ್ಸಾಂಡರ್ ಸ್ಮಾಲೆನ್ಸ್‌ಗೆ ಒಪ್ಪಿಸಿ, ತಾವು ವಾಷಿಂಗ್ಟನ್ನಿಗೆ ಹೋಗಿ ಕೇಳುಗರಿದ್ದ ಸಭಾಂಗಣದಲ್ಲೇ ಕೂತು ಸದ್ದಿನ ನಿಯಂತ್ರಣ ಹಿಡಿದರು. ಅಷ್ಟು ದೊಡ್ಡ ಸಂಗೀತಗಾರ ಬೇಕೆಂದೇ ವಾದಕರನ್ನು ಬಿಟ್ಟು ಕೇಳುಗರ ಬಳಿ ಹೋದರು. ಮಿಕ್ಸ್ ಸರಿಯೋ ತಪ್ಪೋ ಎಂಬ ತೀರ್ಪು ಹುಟ್ಟುವುದು ನುಡಿಸುವಲ್ಲಿ ಅಲ್ಲ, ಕೇಳುವಲ್ಲಿ ಎಂಬುದು ಅವರಿಗೆ ಗೊತ್ತಿತ್ತು.

ಈಗ ‘ಪಿಟೀಲು ಏರಿಸು’ ಎಂದವನ ಕಡೆ ಬರೋಣ. ಸಿರುಗುಪ್ಪ ಸೀಮೆಯವರಿಗೆ ಇದನ್ನು ತುಂಗಭದ್ರಾ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಮೂಲಕ ಹೇಳಿದರೆ ಬೇಗ ಹಿಡಿಸುತ್ತದೆ. ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ಬಿಡುವ ನೀರಿಗೆ ಒಂದು ಮಿತಿ ಇದೆ. ಮೇಲ್ಭಾಗದವರು ಹೊಲಕ್ಕೆಲ್ಲ ಭತ್ತ ಹಾಕಿ ತೂಬು ಪೂರ್ತಿ ತೆರೆದರೆ ಕೊನೆ ಭಾಗದ ಹೊಲ ಒಣಗುತ್ತದೆ. ಕೊನೆ ಭಾಗದ ರೈತ ಬಂದು ‘ನೀರು ಮುಟ್ಟಿಲ್ಲ, ಡ್ಯಾಮಿನಿಂದ ಇನ್ನಷ್ಟು ಬಿಡಿ’ ಎನ್ನುತ್ತಾನೆ. ಈ ಮಾತಿನಲ್ಲಿ ಎರಡು ಭಾಗಗಳಿವೆ. ನೀರು ಮುಟ್ಟಿಲ್ಲ ಎನ್ನುವುದು ಸತ್ಯ; ಅವನು ಹೊಲದಲ್ಲಿ ನಿಂತು ಕಂಡದ್ದು, ಅದನ್ನು ಅಲ್ಲಗಳೆಯಲು ಯಾವ ಎಂಜಿನಿಯರಿಗೂ ಹಕ್ಕಿಲ್ಲ. ಇನ್ನಷ್ಟು ಬಿಡಿ ಎನ್ನುವುದು ಊಹೆ. ತುಂಬಿ ಹರಿಯುವ ಕಾಲುವೆಗೆ ಇನ್ನೂ ಬಿಟ್ಟರೆ ಏರಿ ಒಡೆದೀತೇ ಹೊರತು ಕೊನೆಗೆ ಮುಟ್ಟದು. ಮಾಡಬೇಕಾದ್ದು ಮೇಲಿನ ತೂಬುಗಳನ್ನು ಇಳಿಸುವ ಕೆಲಸ, ಮತ್ತು ಆ ತೂಬುಗಳು ಕೊನೆ ಭಾಗದವನ ಕಣ್ಣಿಗೆ ಬಿದ್ದೇ ಇಲ್ಲ.

ಡಿಜಿಟಲ್ ಧ್ವನಿಗೂ ಇಂಥದ್ದೇ ಒಂದು ಏರಿ ಇದೆ: ಸೊನ್ನೆ ಡೆಸಿಬೆಲ್. ಅದನ್ನು ದಾಟಿದರೆ ಅಲೆಯ ನೆತ್ತಿ ಕತ್ತರಿಸಿ ಕರಕರ ಸದ್ದು ಬರುತ್ತದೆ. ಆ ಮಿತಿಯೊಳಗೆ ಹೆಚ್ಚು ಜಾಗ ತಿನ್ನುವುದು ಕೆಳಸ್ವರಗಳು, ಏಕೆಂದರೆ ಮಂದ ಕಿವಿಗೆ ಅವು ಕೇಳಿಸಬೇಕಾದರೆ ಶಕ್ತಿ ಹೆಚ್ಚು ಬೇಕು. ಅಷ್ಟೇ ಅಲ್ಲ, ಕೆಳಸ್ವರ ಮೇಲಿನ ಸ್ವರವನ್ನು ಮುಚ್ಚಿಹಾಕುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು. ವೆಗೆಲ್ ಮತ್ತು ಲೇನ್ ಎಂಬಿಬ್ಬರು ಇದನ್ನು 1924ರಲ್ಲೇ ಅಳೆದು ಪ್ರಕಟಿಸಿದ್ದರು. ಪಿಟೀಲಿನ ಅತಿ ಕೆಳಗಿನ ತಂತಿ 196 ಹರ್ಟ್ಸ್. ಅಲ್ಲಿಂದ ಮೇಲಕ್ಕೆ 400ರ ತನಕ ಚೆಲ್ಲೊ, ಕೀಬೋರ್ಡಿನ ಎಡಗೈ, ತಬಲಾದ ಬಾಯಾ ಎಲ್ಲವೂ ಒಟ್ಟೊಟ್ಟಿಗೆ ಸದ್ದು ತುಂಬುತ್ತವೆ. ಪಿಟೀಲನ್ನು ಮುಟ್ಟದೆ, ಉಳಿದವುಗಳನ್ನು ಆ ಪಟ್ಟಿಯಲ್ಲಿ ಎರಡು ಮೂರು ಡೆಸಿಬೆಲ್ ಇಳಿಸಿ ಕೇಳಿಸಿದರೆ ಅದೇ ಗೆಳೆಯ ‘ಈಗ ಪಿಟೀಲು ಏರಿಸಿದೆಯಲ್ಲ, ಸರಿಹೋಯಿತು’ ಎಂದಾನು.

ಮನೆಯ ವಾದ್ಯವೃಂದದ ಬಗ್ಗೆ ಮತ್ತೆ ಮತ್ತೆ ಬರುವ ಇನ್ನೊಂದು ದೂರಿದೆ: ‘ಎಲ್ಲ ಚೆನ್ನಾಗಿದೆ, ಆದರೆ ಒಟ್ಟಿಗೆ ಕೂತು ನುಡಿಸಿದ ಹಾಗಿಲ್ಲ.’ ನಿಜವಾಗಿ ಒಟ್ಟಿಗೆ ಕೂತು ನುಡಿಸಿದ್ದಕ್ಕೆ ಒಂದು ಉದಾಹರಣೆ ನೋಡಿ. ಮೈಸೂರಿನ ಜಯಚಾಮರಾಜ ಒಡೆಯರ್ ಹಣ ಕೊಟ್ಟು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಿದರು. ಮೆಟ್ನರ್ ಪಿಯಾನೊ ನುಡಿಸಿದರು, ಕಾನ್ಸರ್ಟೊಗಳಿಗೆ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಜತೆಗೂಡಿತು. ಅಂಥ ಧ್ವನಿಮುದ್ರಣದಲ್ಲಿ ಎಲ್ಲ ವಾದ್ಯಗಳ ಸದ್ದೂ ಒಂದೇ ಗೋಡೆಗಳಿಗೆ ಬಡಿದು ಮೈಕಿಗೆ ಬರುತ್ತದೆ. ಹತ್ತಿರ ಯಾವುದು, ದೂರ ಯಾವುದು ಎಂದು ಕಿವಿ ಆ ಮಾರ್ದನಿಯಿಂದಲೇ ಲೆಕ್ಕ ಹಾಕುತ್ತದೆ. ನಮ್ಮ ಕಂಪ್ಯೂಟರಿನ ಪಿಟೀಲು ಯಾವುದೋ ದೇಶದ ಸ್ಟುಡಿಯೋದ್ದು, ಕೊಳಲು ಮತ್ತೊಂದರದ್ದು, ತಬಲಾ ಮಾತ್ರ ನಮ್ಮ ಕೋಣೆಯದ್ದು. ದೂರು ಸತ್ಯವೇ. ಎಲ್ಲಕ್ಕೂ ಒಂದೇ ಕೃತಕ ಮಾರ್ದನಿ (ರಿವರ್ಬ್) ಕೊಟ್ಟು, ಹಿಂದೆ ಕೂರಬೇಕಾದ ವಾದ್ಯಕ್ಕೆ ಅದನ್ನು ಹೆಚ್ಚು, ಮುಂದಿನದಕ್ಕೆ ಕಡಿಮೆ ಬೆರೆಸಿದರೆ ಬಹುಪಾಲು ಹೊಂದಿಕೊಳ್ಳುತ್ತದೆ.

ತಿದ್ದಿದ ಮೇಲೆ ಹೊಸ ಮಿಕ್ಸ್ ನಿಜವಾಗಿಯೂ ಮೇಲೋ, ನಮ್ಮ ಶ್ರಮಕ್ಕೆ ನಾವೇ ಸೋತಿದ್ದೇವೋ? ಇಲ್ಲೂ ಮನ್ಸನ್ ಬರುತ್ತಾರೆ. 1950ರಲ್ಲಿ ಅವರೂ ಮಾರ್ಕ್ ಗಾರ್ಡನರ್ ಎಂಬವರೂ ಒಂದು ಸರಳ ಪರೀಕ್ಷೆ ವಿವರಿಸಿದರು. ಅದರ ಈಗಿನ ರೂಪ ಹೀಗಿದೆ: ಹಳೆಯದು ‘ಎ’, ಹೊಸದು ‘ಬಿ’. ಆಮೇಲೆ ಎರಡರಲ್ಲೊಂದನ್ನು ಗುಟ್ಟಾಗಿ ‘ಎಕ್ಸ್’ ಎಂದು ಕೇಳಿಸಿ, ಅದು ಯಾವುದು ಎಂದು ಕೇಳಬೇಕು. ಹತ್ತು ಸಲ ಕೇಳಿಸಿದಾಗ ಬರೀ ಊಹೆಯಿಂದ ಒಂಬತ್ತೋ ಹತ್ತೋ ಸರಿ ಬರುವ ಸಂಭವ 1024ರಲ್ಲಿ 11 ಮಾತ್ರ. ಅಷ್ಟು ಸರಿ ಬಂದರೆ ವ್ಯತ್ಯಾಸ ಇದೆಯೆಂದು ನಂಬಬಹುದು. ಐದಾರು ಸರಿ ಬಂದರೆ, ರಾತ್ರಿಯಿಡೀ ತಿದ್ದಿದ್ದು ಕೇಳುಗರ ಕಿವಿಗೆ ಬಿದ್ದಿಲ್ಲವೆಂದೇ ಲೆಕ್ಕ. ಒಂದು ಎಚ್ಚರ: ಎರಡನ್ನೂ ಸಮ ಜೋರಿಗೆ ತಂದ ಮೇಲೆಯೇ ಕೇಳಿಸಬೇಕು. ತುಸು ಜೋರಾದದ್ದು ‘ಜೋರು’ ಎನಿಸದೆ ‘ಚೆಂದ’ ಎನಿಸುತ್ತದೆ. ಲೌಡ್‌ನೆಸ್ ಅಳೆಯುವ ಉಚಿತ ಮೀಟರುಗಳು ಈಗ ಬೇಕಾದಷ್ಟಿವೆ.

‘ಒಂದೇ ಕ್ಲಿಕ್ಕಿಗೆ ಎಐ ಮಾಸ್ಟರಿಂಗ್’ ಎಂದು ಹೇಳಿಕೊಳ್ಳುವ ಆ್ಯಪ್‌ಗಳು ಮುಖ್ಯವಾಗಿ ಮಾಡುವುದು ಈ ಲೌಡ್‌ನೆಸ್ ಏರಿಸುವುದನ್ನು, ಜತೆಗೆ ಒಟ್ಟು ಸ್ವರಗಳನ್ನು ಸರಾಸರಿ ಹಾಡಿನ ಅಚ್ಚಿಗೆ ಎಳೆಯುವುದನ್ನು. ಮೊದಲ ಸಲ ಕೇಳಿದಾಗ ಆಹಾ ಎನಿಸುವುದು ಜೋರಾದ್ದಕ್ಕೆ. ಯೂಟ್ಯೂಬ್ ಅಂಥ ಹಾಡನ್ನು ಹೇಗಿದ್ದರೂ ತನ್ನ ಮಟ್ಟಕ್ಕೆ ಇಳಿಸಿಯೇ ಕೇಳಿಸುತ್ತದೆ. ನಿಮ್ಮ ರಚನೆಯಲ್ಲಿ ಕೊಳಲು ಯಾವ ಗಳಿಗೆಯಲ್ಲಿ ಮುಂದೆ ಬರಬೇಕು ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ, ‘ಸ್ಟುಡಿಯೋ ಗುಣಮಟ್ಟ’ ಎಂದು ಡಬ್ಬದ ಮೇಲೆ ಬರೆದ ದುಬಾರಿ ಹೆಡ್‌ಫೋನಿಗೂ ಗೊತ್ತಿಲ್ಲ.

ಮುಂದಿನ ಸಲ ಫೈಲನ್ನು ಕಳಿಸುವಾಗ ಏನು ಬದಲಿಸಿದ್ದೀರೆಂದು ಹೇಳಬೇಡಿ. ಕೇಳುವುದು ಎರಡೇ ಪ್ರಶ್ನೆ: ಯಾವುದರಲ್ಲಿ ಕೇಳಿದಿರಿ, ಎಷ್ಟನೆಯ ನಿಮಿಷದಲ್ಲಿ ಏನು ಅಡ್ಡ ಬಂತು? ಸಂಗೀತ ಕಲಿಯದವರನ್ನೂ ಕೇಳಿ. ಅವರು ಮದ್ದು ಹೇಳಲು ಹೋಗುವುದಿಲ್ಲ, ಬೇಸರ ಬಂದ ಜಾಗವನ್ನು ಮಾತ್ರ ತೋರಿಸುತ್ತಾರೆ. ಬೇರೆ ಬೇರೆ ಸ್ಪೀಕರುಗಳಲ್ಲಿ ಕೇಳಿದ ಮೂವರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ದೋಷವಿದೆ, ತಿದ್ದಿ. ಒಂದೇ ಬಗೆಯ ಸ್ಪೀಕರಿನಲ್ಲಿ ಕೇಳಿದ ಇಬ್ಬರು ಒಂದೇ ಜಾಗದ ಬಗ್ಗೆ ತದ್ವಿರುದ್ಧ ಹೇಳತೊಡಗಿದರೆ ಅದು ರುಚಿಯ ಜಗಳ. ಅಲ್ಲಿ ವಿಜ್ಞಾನಕ್ಕೆ ಕೆಲಸವಿಲ್ಲ. ನಿಮಗೆ ಬೇಕಾದ್ದನ್ನು ಇಟ್ಟುಕೊಂಡು ಮುಂದಿನ ಟ್ರ್ಯಾಕ್ ಶುರುಮಾಡಿ.