ಎರಡು ಭಾಷೆಗಳ ನಡುವಿನ ಮುಖ್ಯೋಪಾಧ್ಯಾಯರು

ಹೊಸೂರು–ಕೃಷ್ಣಗಿರಿ ಪರಿಸರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಾಯಕತ್ವವೆಂಬುದು ಬಹುಮಟ್ಟಿಗೆ ಅನುವಾದದ ಕಾರ್ಯ. ಇದರ ಮೂಲ 1956ರಲ್ಲಿದೆ. ಆ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಕಲ್ಪಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿತು. ಅದೇ ವರ್ಷ ಮದರಾಸು ರಾಜ್ಯದ ಶಾಸನವು ತಮಿಳನ್ನು ಅಧಿಕೃತ ಭಾಷೆಯಾಗಿಸಿತು. ತರಗತಿಯ ಭಾಷೆ ಒಂದು, ಕಡತದ ಭಾಷೆ ಇನ್ನೊಂದು ಎಂಬಂತಾಯಿತು. 2006ರ ತಮಿಳು ಕಲಿಕಾ ಕಾಯಿದೆಯು 1ನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿದ ಬಳಿಕ ಇವೆರಡೂ ತರಗತಿಯೊಳಗೇ ಸಂಧಿಸಿದವು. ತಮಿಳು ಸುತ್ತೋಲೆಯನ್ನು ಸಹೋದ್ಯೋಗಿಗಳಿಗೆ ಕನ್ನಡದಲ್ಲಿ ಬಿಡಿಸಿಹೇಳುವ ಮುಖ್ಯೋಪಾಧ್ಯಾಯರ ಶ್ರಮ ಎಣಿಕೆಗೆ ಬರುವುದು ವಿರಳ. ವಿಧಿಯು ಮಗುವಿನ ಕಲಿಕೆಯ ಭಾಷೆಯನ್ನು ಕುರಿತು ಹೇಳುತ್ತದೆಯೇ ಹೊರತು ಶಿಕ್ಷಕರ ತರಬೇತಿಯ ಭಾಷೆಯನ್ನಲ್ಲ. ಕನ್ನಡದಲ್ಲಿ ಪಾಠ ಹೇಳುವವರಿಗೆ ತರಬೇತಿಯೂ ಕನ್ನಡದಲ್ಲಿ ದೊರೆಯದಿದ್ದರೆ, ಶಾಲೆ ಉಳಿದರೂ ಅದರ ಬೋಧನೆಯ ನುಡಿ ಕ್ರಮೇಣ ಬಡವಾಗುತ್ತದೆ.