ನಿಮಗಿದು ಗೊತ್ತೇ? ಮಣ್ಣೆತ್ತಿನ ಸೀಮೆಯಲ್ಲಿ ಕ್ರಿಸ್‌ಮಸ್ ನಕ್ಷತ್ರ

ಮಕ್ಕಳು ಜಗತ್ತಿನ ತುಂಬ ಹಿಚುಕಿ ಆಡುವ ‘ಪ್ಲೇ-ಡೋ’ ಮೊದಲಿಗೆ ಆಟದ ಸಾಮಾನೇ ಆಗಿರಲಿಲ್ಲ. ಅಮೆರಿಕದ ಸಿನ್ಸಿನಾಟಿಯ ಕುಟಾಲ್ ಕಂಪನಿ ಅದನ್ನು ಮಾಡಿದ್ದು ಗೋಡೆಗೆ ಅಂಟಿಸಿದ ಕಾಗದದ ಮೇಲಿನ ಕಲ್ಲಿದ್ದಲ ಮಸಿ ಒರೆಸಲಿಕ್ಕೆ. ಮನೆಗಳಲ್ಲಿ ಕಲ್ಲಿದ್ದಲು ಉರಿಸುವುದು ನಿಂತಿತು, ಒರೆಸುವ ಹಿಟ್ಟಿಗೆ ಗಿರಾಕಿ ಇಲ್ಲವಾದರು. 1950ರ ದಶಕದ ನಡುವೆ ಕಂಪನಿ ನಡೆಸುತ್ತಿದ್ದ ಮನೆತನಕ್ಕೆ ಸಂಬಂಧಿಯಾಗಿದ್ದ ಶಿಶುವಿಹಾರದ ಶಿಕ್ಷಕಿ ಕೇ ಝೂಫಾಲ್ ಅದನ್ನು ಮಕ್ಕಳ ಕೈಗೆ ಕೊಟ್ಟರು. ಮಾಡಿಸಿದ್ದೇನು ಗೊತ್ತೇ? ಕ್ರಿಸ್‌ಮಸ್ ಅಲಂಕಾರ! 1956ರ ಹೊತ್ತಿಗೆ ಅದೇ ಹಿಟ್ಟು ಹೊಸ ಹೆಸರಿನಲ್ಲಿ ಅಂಗಡಿಗೆ ಬಂತು. ಮುಳುಗುತ್ತಿದ್ದ ಕಂಪನಿ ಉಳಿಯಿತು.

ಶಾಲೆಯ ಪೆಟ್ಟಿಗೆಯಲ್ಲಿರುವ ಬಣ್ಣದ ಕ್ಲೇ ಬೇರೆ ಜಾತಿ. ಇಂಗ್ಲೆಂಡಿನ ಬಾತ್ ಪಟ್ಟಣದ ಕಲಾಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ತನ್ನ ವಿದ್ಯಾರ್ಥಿಗಳಿಗೆಂದು ಒಣಗದ ಜೇಡಿ ಕಂಡುಹಿಡಿದ, ಅದೇ ಪ್ಲಾಸ್ಟಿಸಿನ್. ಸುಣ್ಣಕಲ್ಲಿನ ಪುಡಿ, ಪೆಟ್ರೋಲಿಯಂ ಜೆಲ್ಲಿ, ಕೊಬ್ಬಿನ ಆಮ್ಲ ಸೇರಿದ್ದರಿಂದ ಅದು ಗಟ್ಟಿಯಾಗುವುದೇ ಇಲ್ಲ. ಬಿಸಿಲು ತಾಗಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಬಾಗಲಕೋಟೆಯ ಹಗಲಿಗೆ ಅದರ ನಕ್ಷತ್ರ ತೂಗುಹಾಕಿದರೆ ಸಂಜೆಗೆ ಅದು ಹಪ್ಪಳ.

ಇಳಕಲ್, ಹುನಗುಂದ, ಬಾದಾಮಿ ಕಡೆಯ ಮಕ್ಕಳಿಗೆ ಮಣ್ಣು ಮಿದ್ದು ಬೊಂಬೆ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕಾರಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ. ಶ್ರಾವಣಕ್ಕೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಬುಟ್ಟಿಯಲ್ಲಿ ಮನೆಮನೆ ತಿರುಗುವ ಜೋಕುಮಾರ. ಮಳೆಗಾಲದ ಈ ನಾಲ್ಕು ತಿಂಗಳು ಉತ್ತರ ಕರ್ನಾಟಕದ ಜೇಡಿಮಣ್ಣಿನ ಪಠ್ಯಕ್ರಮ, ಅದೂ ಫೀ ಇಲ್ಲದೆ! ಡಿಸೆಂಬರಿಗೆ ಮಾತ್ರ ಪಾಠ ಇರಲಿಲ್ಲ.

ಮಣ್ಣೆತ್ತಿನ ಮರುದಿನ ಹುಡುಗರು ಬೇಕೆಂದೇ ಒಂದು ಕುಂಟೆತ್ತು ಮಾಡಿ, ಅದನ್ನು ಹೊತ್ತು ಮನೆಮನೆಗೆ ಹಾಡುತ್ತ ಹೋಗಿ ಕಾಳುಕಡಿ ಬೇಡಿ ತರುತ್ತಿದ್ದರು. ಕಾಲು ಮುರಿದ ಬೊಂಬೆಗೂ ಹಬ್ಬದಲ್ಲಿ ಜಾಗ ಇಟ್ಟ ಹಿರಿಯರು ಜಾಣರು. ಮಗು ಮಾಡಿದ ನಕ್ಷತ್ರಕ್ಕೆ ನಾಲ್ಕೇ ಮೂಲೆ ಬಂದರೆ ತಿದ್ದಲು ಹೋಗಬೇಡಿ.

ಎತ್ತುಗಳ ಮುಂದೆ ಮೇವು ಹಾಕುವ ಪುಟ್ಟ ಗೋದಲಿಯನ್ನೂ ಮಣ್ಣಿನಲ್ಲೇ ಮಾಡಿಡುವ ಮನೆಗಳುಂಟು. ಕ್ರೈಸ್ತರ ಮನೆಗಳಲ್ಲಿ ಡಿಸೆಂಬರಿನಲ್ಲಿ ಸಜ್ಜಾಗುವುದೂ ಗೋದಲಿಯೇ, ಅಲ್ಲೂ ಪಕ್ಕದಲ್ಲಿ ಒಂದು ಎತ್ತು. ಆದರೆ ಲೂಕನ ಸುವಾರ್ತೆಯ ಜನನದ ಕಥೆಯಲ್ಲಿ ಗೋದಲಿ ಇದೆ, ಎತ್ತಿಲ್ಲ, ಕತ್ತೆಯೂ ಇಲ್ಲ! ಅವೆರಡೂ ಆಮೇಲೆ ಬಂದು ಸೇರಿಕೊಂಡವು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆಗಳನ್ನೇ ನಿಲ್ಲಿಸಿ ಗೋದಲಿ ಹೂಡಿದ. ಜೂನಿನಲ್ಲಿ ಮಾಡಿದ ಮಣ್ಣೆತ್ತಿನ ಜೋಡಿಯೊಂದನ್ನು ಎತ್ತಿಟ್ಟುಕೊಂಡರೆ ಡಿಸೆಂಬರಿಗೆ ಅರ್ಧ ಕೆಲಸ ಮುಗಿದಂತೆ.

ಕ್ರಿಸ್‌ಮಸ್ ಬಾಗಲಕೋಟೆ ಜಿಲ್ಲೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನೇಕಾರರ ಊರು ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ 19ನೇ ಶತಮಾನದ ನಡುವಿನಲ್ಲೇ ನೆಲೆ ಮಾಡಿತ್ತು. ಅದೇ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯ ಮನೆಗಳ ಮೇಲೆ ಕೂತ ಕೆಂಪು ಹಂಚೂ ಜೇಡಿಯದೇ ಕೈಚಳಕ.

ಹೊಲದ ಎರೆಮಣ್ಣು ಒಣಗಿದಾಗ ಬಿರಿಯುವುದೇಕೆ? ಅದರ ಕಣಗಳು ಪದರ ಪದರವಾಗಿರುತ್ತವೆ. ನೀರು ಪದರಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ತೆಳ್ಳಗೆ ತಟ್ಟಿದ ಗಂಟೆ, ನಕ್ಷತ್ರ ಬಿರಿಯಬಾರದೆಂದರೆ ಮಣ್ಣಿಗೆ ಸ್ವಲ್ಪ ಅರಳೆ ಬಿಡಿಸಿ ಹಾಕಿ ನಾದಿ, ನೆರಳಲ್ಲಿ ಒಣಗಿಸಿ.

ಇಳಕಲ್ ಸುತ್ತಿನ ಗಣಿಗಳ ಗ್ರಾನೈಟಿಗೆ ಗುಲಾಬಿ ಬಣ್ಣ ಕೊಡುವುದು ಫೆಲ್ಡ್‌ಸ್ಪಾರ್ ಎಂಬ ಖನಿಜ. ಮಳೆನೀರು ಯುಗಯುಗ ಕಾಲ ಅದನ್ನು ಕೊರೆದರೆ ಉಳಿಯುವುದು ಜೇಡಿ. ಕಲ್ಲೇ ಮಣ್ಣಿನ ಅಪ್ಪ.

ಡಿಸೆಂಬರಿನಲ್ಲಿ ಹದವಾದ ಮಣ್ಣು ಸಿಗದಿದ್ದರೆ ಹಿಟ್ಟು ಇದೆಯಲ್ಲ! ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲಿಗೆ ತುಸು ಕಡಿಮೆ ನೀರು. ನೀರನ್ನು ಒಮ್ಮೆಲೇ ಸುರಿಯದೆ ಹದ ನೋಡಿ ಹಾಕಿ. ಹತ್ತು ನಿಮಿಷ ನಾದಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಬಾಟಲಿ ಮುಚ್ಚಳದಲ್ಲಿ ಕತ್ತರಿಸಿ. ಜೋಳದ ಹಿಟ್ಟಿನಲ್ಲಿ ಮಾಡಲು ಮಕ್ಕಳು ಹಟ ಹಿಡಿಯುತ್ತಾರೆ, ಮನೆಯಲ್ಲಿ ಇರುವುದೇ ಅದು. ಆದರೆ ಜೋಳದಲ್ಲಿ ಗೋಧಿಯಂಥ ಜಿಗಿ ಇಲ್ಲ. ಅವ್ವ ಕುದಿಯುವ ಎಸರು ಹಾಕಿ ನಾದುವುದರಿಂದ ರೊಟ್ಟಿ ಹಿಟ್ಟು ಒಂದಾಗುತ್ತದೆ ಅಷ್ಟೆ. ಒಣಗಿದ ಮೇಲೆ ನಕ್ಷತ್ರದ ಮೂಲೆಗಳು ಉದುರುತ್ತವೆ. ಮೈದಾಕ್ಕೇ ಬನ್ನಿ.

ದಾರ ಪೋಣಿಸುವ ತೂತನ್ನು ಹಸಿಯಿದ್ದಾಗಲೇ ಕುಡಿಯುವ ಕೊಳವೆಯಿಂದ ಮಾಡಿ. ಒಣಗಿದ ಮೇಲೆ ಮೊಳೆ ಹೊಡೆಯಲು ಹೋದರೆ ಎರಡು ಹೋಳು ಗ್ಯಾರಂಟಿ. ಓವನ್ ಬೇಕೇಬೇಕೆಂದಿಲ್ಲ, ನಮ್ಮ ಚಳಿಗಾಲದ ಒಣ ಬಿಸಿಲು ಸಾಕು. ದಿನಕ್ಕೊಮ್ಮೆ ಮಗುಚಿ ಹಾಕುತ್ತಿರಿ. ಬೀದಿನಾಯಿಗೆ ಸಿಗದಂತೆ ನೋಡಿಕೊಳ್ಳಿ. ಅಷ್ಟು ಉಪ್ಪು ಅದರ ಜೀವಕ್ಕೇ ಅಪಾಯ.

ಬೆಳ್ಳಗಿನ ಗಂಟೆ ಬೇಕೇ? ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ಕಾರ್ನ್‌ಫ್ಲೋರ್, ಒಂದೂಕಾಲು ಪಾಲು ನೀರು. ಮುದ್ದೆಯಾಗುವವರೆಗೆ ಕಾಯಿಸಿ ಆರಿಸಿ. ಬಣ್ಣವೇ ಬೇಡ.

ನಮೂನೆಗೆ ಪೇಟೆಯ ಅಚ್ಚು ಕೊಳ್ಳುವುದು ದುಡ್ಡು ದಂಡ ಎಂಬುದು ಈ ಅಂಕಣದ ಖಚಿತ ಅಭಿಪ್ರಾಯ. ಹಸಿ ಹಿಟ್ಟಿಗೆ ಹಣಿಗೆಯ ಹಲ್ಲು ಒತ್ತಿದರೆ ಇಳಕಲ್ ಸೀರೆಯ ತೋಪ್ ತೆನಿ ಸೆರಗು ಮೂಡುತ್ತದೆ. ಕೆಂಪು, ಬಿಳಿ ಬಣ್ಣ ತುಂಬಿದರೆ ಕ್ರಿಸ್‌ಮಸ್‌ಗೂ ಅದೇ ಬಣ್ಣ!

ಗುಳ್ಳವ್ವನಿಗೆ ಗುಲಗಂಜಿ ಅಂಟಿಸಿ ಸಿಂಗರಿಸುವುದುಂಟು. ನೋಡಲು ಚೆಂದ, ಆದರೆ ಒಳಗಿರುವ ಅಬ್ರಿನ್ ಭಯಂಕರ ವಿಷ. ಸಣ್ಣ ಮಕ್ಕಳ ಬೊಂಬೆಗೆ ಜೋಳದ ಕಾಳೇ ಸಾಕು.

ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಗೆ ತಮ್ಮದೇ ಕ್ಲೇ ಇದೆ, ಹೆಸರು ‘ಕಿಟ್ಟ’. ಗೋಣಿಚೀಲದ ಚಿಂದಿ ನೆನೆಸಿ, ಒಣಗಿಸಿ, ಕುಟ್ಟಿದ ಪುಡಿಗೆ ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಮಾಡಿದ್ದು. ಕಟ್ಟಿಗೆ ಬೊಂಬೆಯ ಕೀಲು ಮುಚ್ಚಲು, ಮೈ ತುಂಬಲು ಅದನ್ನೇ ಬಳಸುತ್ತಾರೆ.

ಸುಟ್ಟ ಮಣ್ಣಿನ ಅತಿ ಹಳೆಯ ಬೊಂಬೆಗಳಲ್ಲೊಂದು 1925ರಲ್ಲಿ ಈಗಿನ ಚೆಕ್ ದೇಶದ ಡೊಲ್ನಿ ವೆಸ್ತೊನಿತ್ಸೆಯಲ್ಲಿ ಸಿಕ್ಕಿತು, ವಯಸ್ಸು 25,000 ವರ್ಷಕ್ಕೂ ಹೆಚ್ಚು. ಅದರ ಬೆನ್ನಿನ ಮೇಲೆ ಒಂದು ಬೆರಳಚ್ಚಿದೆ. 7ರಿಂದ 15 ವರ್ಷದೊಳಗಿನ ಮಗುವಿನದು ಎಂದು ತಜ್ಞರ ಅಂದಾಜು! ನಿಮ್ಮ ಮಗಳ ಹೆಬ್ಬೆರಳ ಗುರುತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನುಣುಪು ಮಾಡುವ ಮೊದಲು ಇದು ನೆನಪಿರಲಿ.

ಹಬ್ಬ ಮುಗಿದ ಮೇಲೆ? ಉಪ್ಪು ಗಾಳಿಯ ತೇವ ಹೀರುತ್ತದೆ, ಮಳೆಗಾಲಕ್ಕೆ ನಕ್ಷತ್ರಗಳು ಬೆವರುತ್ತವೆ. ವಾರ್ನಿಶ್ ಬಳಿದು, ಕಾಗದ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಿಡಿ ಅಕ್ಕಿಯೊಂದಿಗೆ ಇಡಿ. ಮಣ್ಣೆತ್ತನ್ನು ಗಿಡದ ಬುಡಕ್ಕೆ ಬಿಡಬಹುದು, ಕರಗಿ ಮಣ್ಣಿಗೆ ಮಣ್ಣಾಗುತ್ತದೆ. ಉಪ್ಪುಹಿಟ್ಟಿನ ಗಂಟೆಯನ್ನು ಮಾತ್ರ ಮರೆತೂ ತುಳಸಿಕಟ್ಟೆಗೆ ಹಾಕಬೇಡಿ, ಗಿಡ ಸುಟ್ಟುಹೋದೀತು.