ದಪ್ಪ ಪೈಪಿನ ಆಸೆ, ಸಣ್ಣ ಕಾರಿನ ಲೆಕ್ಕ

ಕೋಲ್ಕತ್ತದಲ್ಲಿ ಪಾರ್ಕ್ ಸ್ಟ್ರೀಟು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯನ್ನು ಕೂಡುವ ಜಾಗ ಮಲ್ಲಿಕ್ ಬಜಾರ್. ಬೆಂಗಳೂರಿನ ಕಾರಿನವರಿಗೆ ಜೆ.ಸಿ. ರಸ್ತೆ ಹೇಗೋ ಕೋಲ್ಕತ್ತದವರಿಗೆ ಇದು ಹಾಗೆ. ಹೊಸ ಬಿಡಿಭಾಗ, ಹಳೆಯ ಕಾರಿನಿಂದ ಬಿಚ್ಚಿದ ಬಿಡಿಭಾಗ ಎರಡೂ ಸಿಗುವ ಪೇಟೆ. ಸಣ್ಣ ಕಾರು ಕೊಂಡವರಿಗೆ ‘ಫ್ರೀ ಫ್ಲೋ’ ಸೈಲೆನ್ಸರ್ ಹಾಕಿಸುವ ಆಸೆ ಹುಟ್ಟುವುದು ಎರಡೂ ಊರುಗಳಲ್ಲಿ ಒಂದೇ ಥರ. ಕಂಪನಿಯವರು ಖರ್ಚು ಉಳಿಸಲು ಸಣ್ಣ ಪೈಪು ಕೊಟ್ಟಿರುತ್ತಾರೆ, ದಪ್ಪ ಪೈಪು ಹಾಕಿದರೆ ಹೊಗೆ ಸಲೀಸಾಗಿ ಹೊರಟು ಪಿಕಪ್ ಏರುತ್ತದೆ ಎಂಬುದು ಆ ಆಸೆಯ ಹಿಂದಿನ ತರ್ಕ. ಹುಟ್ಟಿದ ಕಾಲದಲ್ಲಿ ಈ ತರ್ಕಕ್ಕೆ ಹುರುಳಿತ್ತು. ಆಮೇಲೆ ಕಾರಿನ ಹೊಗೆಕೊಳವೆಯೇ ಬೇರೆ ವಸ್ತುವಾಯಿತು, ತರ್ಕ ಮಾತ್ರ ಹಾಗೇ ಉಳಿಯಿತು. ಇವತ್ತು ಸಣ್ಣ ಕಾರಿಗೆ ಸೈಲೆನ್ಸರ್ ಆರಿಸುವವರು ಪೈಪಿನ ದಪ್ಪಕ್ಕಿಂತ ಅದರ ಲೋಹವನ್ನು ನೋಡಬೇಕು ಎಂಬುದು ನನ್ನ ವಾದ.

ಸೈಲೆನ್ಸರ್‌ಗೆ ಮೊದಲು ಇದ್ದದ್ದು ಒಂದೇ ಕೆಲಸ, ಸದ್ದಡಗಿಸುವುದು. ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸಹೋದರರು ಇದಕ್ಕೆ ಪೇಟೆಂಟ್ ಪಡೆದದ್ದು 1897ರಲ್ಲಿ. ಅಲ್ಲಿಂದ ಸುಮಾರು ಮುಕ್ಕಾಲು ಶತಮಾನ ಮೂಲ ಕಲ್ಪನೆ ಬದಲಾಗಲಿಲ್ಲ. ಕೋಲ್ಕತ್ತದ ಪಕ್ಕದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಡರ್ ತಯಾರಿಸಿತು. ಹಳೆಯ ಅಂಬಾಸಡರಿನ ಅಡಿಯಲ್ಲಿ ಇರುತ್ತಿದ್ದದ್ದು ಎಂಜಿನ್ನಿನಿಂದ ಹೊರಟ ಪೈಪು, ಒಂದು ತಗಡಿನ ಡಬ್ಬ, ಹಿಂದೊಂದು ಬಾಲ, ಅಷ್ಟೆ. ಪೆಟ್ರೋಲು ಬೆರೆಸುತ್ತಿದ್ದದ್ದು ಕಾರ್ಬೊರೇಟರ್. ಹಿಂದೆ ಹೊಗೆ ಏನಾಯಿತೆಂಬ ಸುದ್ದಿ ಅದಕ್ಕೆ ತಲುಪುತ್ತಿರಲಿಲ್ಲ. ಡಬ್ಬ ತೂತಾದರೆ ವೆಲ್ಡಿಂಗ್ ಸಾಕಿತ್ತು. ಪೈಪಿನ ಅಳತೆ ಬದಲಿಸಿ, ಕಾರ್ಬೊರೇಟರಿನ ಜೆಟ್ ಬದಲಿಸಿ, ಪಳಗಿದ ಮೆಕ್ಯಾನಿಕ್ ಒಂದಿಷ್ಟು ಶಕ್ತಿಯನ್ನು ನಿಜಕ್ಕೂ ಗಿಟ್ಟಿಸಿಕೊಡುತ್ತಿದ್ದ. ಇವತ್ತಿನ ‘ಫ್ರೀ ಫ್ಲೋ’ ಮಾತಿನ ಬೇರು ಅಲ್ಲಿದೆ.

ಭಾರತದಲ್ಲಿ ಈ ಕಥೆ ತಿರುಗಿದ್ದು 1995ರ ಏಪ್ರಿಲ್ 1ರಂದು. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳ ಹಿನ್ನೆಲೆಯಲ್ಲಿ, ದೆಹಲಿ, ಮುಂಬೈ, ಚೆನ್ನೈ ಜೊತೆಗೆ ಕೋಲ್ಕತ್ತದಲ್ಲೂ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲು ಬಂಕುಗಳಿಗೆ ಬಂತು. ಸೀಸ ಈ ಕನ್ವರ್ಟರಿಗೆ ವಿಷ, ಹಾಗಾಗಿ ಎರಡೂ ಒಟ್ಟಿಗೇ ಬರಬೇಕಿತ್ತು. ಮೆಕ್ಯಾನಿಕ್‌ಗಳು ‘ಕ್ಯಾಟ್‌ಕಾನ್’ ಎನ್ನುವ ಈ ಡಬ್ಬವನ್ನು ಕುಯ್ದು ನೋಡಿದರೆ ಒಳಗೆ ಕಾಣುವುದು ಪಿಂಗಾಣಿಯ ಜೇನುಗೂಡು, ಒಂದು ಚದರ ಇಂಚಿಗೆ ಸಾಮಾನ್ಯವಾಗಿ 400 ಕಿಂಡಿ. ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಸುಮಾರು 300 ಡಿಗ್ರಿಗೆ ಕಾದ ಮೇಲೆ ಅದು ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲನ್ನೂ ಸುಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತದೆ. ಮೂರೂ ಕೆಲಸ ಒಟ್ಟಿಗೆ ಆಗಬೇಕಾದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಹದ ತಪ್ಪಬಾರದು. ಕಾರ್ಬೊರೇಟರಿಗೆ ಅದು ಸಾಧ್ಯವಿರಲಿಲ್ಲ. ಹಾಗಾಗಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಂತು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಬಂತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಎಂಬ ಹೊಗೆ ಮಾನದಂಡ ದೇಶಕ್ಕೆಲ್ಲ ಜಾರಿಯಾಗುವ ಹೊತ್ತಿಗೆ ಕ್ಯಾಟ್‌ಕಾನ್ ಬೇಗ ಕಾಯಲೆಂದು ಎಂಜಿನ್ನಿಗೇ ಅಂಟಿಕೊಂಡಿತ್ತು. ಅದರ ಮುಂದೊಂದು, ಹಿಂದೊಂದು ಸೆನ್ಸರ್. ಅಂಥ ಕಾರಿಗೆ ‘ಹೆಡರ್’, ಅಂದರೆ ಎಂಜಿನ್ನಿಗೆ ಅಂಟಿದ ಮೊದಲ ಪೈಪು, ಬದಲಿಸುವುದೆಂದರೆ ಬಹಳ ಸಲ ಕ್ಯಾಟ್‌ಕಾನನ್ನೇ ಕಿತ್ತಂತೆ. ಎಂಜಿನ್ನಿನ ಕಂಪ್ಯೂಟರ್ ಅದನ್ನು ಪತ್ತೆಹಚ್ಚಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ.

ಹಾಗಾದರೆ ಕ್ಯಾಟ್‌ಕಾನ್ ಬಿಟ್ಟು ಅದರ ಹಿಂದಿನ ಪೈಪನ್ನಷ್ಟೇ ದಪ್ಪ ಮಾಡಿದರೆ ಏನು ನಷ್ಟ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ; ಲೆಕ್ಕ ಹಾಕಿಯೇ ಉತ್ತರಿಸಬೇಕು. 1200 ಸಿ.ಸಿ.ಯ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದು ಹೆಚ್ಚೆಂದರೆ 3,600 ಲೀಟರ್. ಕೋಲ್ಕತ್ತದ ಶ್ಯಾಮಬಜಾರಿನಿಂದ ಗಡಿಯಾಹಾಟ್‌ವರೆಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರು ಸಾಮಾನ್ಯವಾಗಿ 2,500 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಆಗ ಪೂರ್ತಿ ಆಕ್ಸಿಲರೇಟರ್ ಒತ್ತಿದರೂ 1,500 ಲೀಟರ್ ದಾಟದು, ಅರ್ಧ ಒತ್ತಿದರೆ ಇನ್ನೂ ಕಡಿಮೆ. 6,000 ಸುತ್ತಿಗೆಂದು ಅಳೆದು ಕೊಟ್ಟ ಪೈಪಿಗೆ ಇದು ಹೊರೆಯೇ ಅಲ್ಲ. ಅದಕ್ಕಿಂತ ಮುಖ್ಯವಾದದ್ದು, ಹೊಗೆ ಹೊರಡುವುದು ಒಂದೇ ಸಮನೆ ಅಲ್ಲ, ಅಲೆ ಅಲೆಯಾಗಿ. ಒಂದು ಅಲೆ ಹೊರಟ ರಭಸಕ್ಕೆ ಅದರ ಹಿಂದೆ ಒತ್ತಡ ಇಳಿದು ಸಿಲಿಂಡರಿನಲ್ಲಿ ಉಳಿದ ಹೊಗೆಯೂ ಹೊರಬರುತ್ತದೆ. ಪೈಪು ವಿಪರೀತ ದಪ್ಪವಾದರೆ ಕಡಿಮೆ ಸುತ್ತಿನಲ್ಲಿ ಈ ರಭಸ ತಗ್ಗಿ, ಊರೊಳಗೆ ಬೇಕಾದ ಎಳೆತವೇ ಕುಂದಬಹುದು. ರೇಸಿನವರು ದಪ್ಪ ಪೈಪು ಹಾಕುವುದಿಲ್ಲವೇ? ಹಾಕುತ್ತಾರೆ, ಅವರು ಕ್ಯಾಮ್‌ಶಾಫ್ಟ್ ಬದಲಿಸಿ, ಕಂಪ್ಯೂಟರಿನ ಲೆಕ್ಕ ತಿದ್ದಿ, ಸದಾ ಮೇಲಿನ ಸುತ್ತಿನಲ್ಲೇ ಓಡಿಸುತ್ತಾರೆ. ಆ ಸರಪಳಿಯ ಒಂದೇ ಕೊಂಡಿ ತಂದು ಊರ ಕಾರಿಗೆ ಜೋಡಿಸಿದರೆ ಹೆಚ್ಚುವುದು ಸದ್ದು, ವೇಗವಲ್ಲ.

ಸದ್ದಿನ ವಿಷಯದಲ್ಲಿ ನನಗೆ ರಾಜಿಯಿಲ್ಲ. 2005ರ ಏಪ್ರಿಲ್‌ನಿಂದ ತಯಾರಾಗುವ ಕಾರುಗಳಿಗೆ ಪರೀಕ್ಷೆಯ ಮಿತಿ 74 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲಿನ ಮಿತಿ 50, ಇರುಳಿನದು 40 ಡೆಸಿಬೆಲ್. ಮೆದುಳು, ನರರೋಗಗಳಿಗೆಂದೇ ಇರುವ ದೊಡ್ಡ ಆಸ್ಪತ್ರೆಯೊಂದು ಮಲ್ಲಿಕ್ ಬಜಾರಿನಲ್ಲೇ ಇದೆ. ದೊಡ್ಡ ಸದ್ದು ಪಾದಚಾರಿಗಳನ್ನು ಎಚ್ಚರಿಸುತ್ತದೆ ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಪೈಪಿನ ಬಾಯಿ ಇರುವುದು ಹಿಂದಕ್ಕೆ, ಕಾರಿಗೆ ಎದುರಾಗುವವರು ಇರುವುದು ಮುಂದೆ. ಶಬ್ದ ಮತ್ತು ಹೊಗೆಯ ಮಾನದಂಡ ಮುರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡವಿದೆ, ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿ ಹರಡಿ ರೋಡ್ ರೋಲರ್ ಹತ್ತಿಸಿದ್ದಾರೆ.

ಸಣ್ಣ ಕಾರಿನ ಸೈಲೆನ್ಸರ್ ನಿಜವಾಗಿ ಸೋಲುವುದು ತುಕ್ಕಿಗೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದ ಕಾರಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಹಿಂದಿನ ತಣ್ಣನೆಯ ಡಬ್ಬದಲ್ಲೇ ನಿಂತು, ಹೊಗೆಯ ಆಮ್ಲ ಬೆರೆತು, ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ಕೋಲ್ಕತ್ತದ ತೇವ, ಮಳೆಗಾಲದಲ್ಲಿ ಠಂಠನಿಯಾದಂಥ ಕಡೆ ಮೊಣಕಾಲುದ್ದ ನಿಲ್ಲುವ ನೀರು. ಮಂಗಳೂರು, ಉಡುಪಿಯವರಿಗೂ ಈ ಬಾಧೆ ಹೊಸದಲ್ಲ. ದುಡ್ಡು ಹಾಕಬೇಕಾದದ್ದು ಇಲ್ಲಿ. ಕ್ಯಾಟ್‌ಕಾನ್, ಸೆನ್ಸರ್‌ಗಳನ್ನು ಮುಟ್ಟದೆ, ಅದೇ ಅಳತೆಯ ಹಿಂಭಾಗವನ್ನು ಒಳ್ಳೆಯ ಲೋಹದಲ್ಲಿ ಕೇಳಿ. ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ, 409 ದರ್ಜೆಯ ಸ್ಟೇನ್‌ಲೆಸ್ ಅದಕ್ಕಿಂತ ಮೇಲು, 304 ಇನ್ನೂ ಬಾಳಿಕೆಯದು. 304 ಎಂದು ಮಾರಿದ್ದಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅನುಮಾನಿಸಿ. 409ಕ್ಕೆ ಅಂಟಿದರೆ ತಪ್ಪಿಲ್ಲ. ಡಬ್ಬದ ತಳದಲ್ಲಿ ನೀರು ಬಸಿಯಲು ಸಣ್ಣ ತೂತಿದ್ದರೆ ಅದನ್ನು ಮುಚ್ಚಿಸಬೇಡಿ. ಡಬ್ಬ ಮೊದಲಿನದಕ್ಕಿಂತ ಕೆಳಗೆ ಜೋತುಬಿದ್ದರೆ ಟ್ರಾಮ್ ಹಳಿಗೂ ರಸ್ತೆ ಉಬ್ಬಿಗೂ ತಗಲುವುದು ಖಚಿತ.

ಕ್ಯಾಟ್‌ಕಾನ್ ಕಿತ್ತರೂ ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟ್ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಹಳೆಯ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3 ಇತ್ತು, ಬಿ.ಎಸ್. 4ರ ಕಾರಿಗೆ ಅದು ಶೇ 0.3, ಕನ್ವರ್ಟರ್ ಇಲ್ಲದೆ ಪ್ರಾಮಾಣಿಕ ತಪಾಸಣೆಯಲ್ಲಿ ದಾಟುವುದು ಕಷ್ಟ. ದಾಟಿದರೂ, ನೈಟ್ರೋಜನ್ ಆಕ್ಸೈಡನ್ನು ಆ ತಪಾಸಣೆ ಅಳೆಯುವುದೇ ಇಲ್ಲ, ಹಾಗಾಗಿ ಚೀಟಿ ಸಿಕ್ಕಿತೆಂದರೆ ಹೊಗೆ ಶುದ್ಧವೆಂದಲ್ಲ. ಜೋಡಣೆಯ ಸಣ್ಣ ಸೋರಿಕೆಯೂ ಕಾಡುತ್ತದೆ: ಮುಂದಿನ ಸೆನ್ಸರಿನ ಬಳಿ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಹೊರಗಿನ ಗಾಳಿ ನುಗ್ಗಿದರೆ, ಪೆಟ್ರೋಲು ಸಾಲದೆಂದು ಬಗೆದು ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಹಣ ಎಣಿಸುವ ಮುನ್ನ, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಮೆಕ್ಯಾನಿಕ್ ಕೈಲಿ ಪೈಪಿನ ಬಾಯಿಗೆ ಒದ್ದೆ ಬಟ್ಟೆಯನ್ನು ಕೆಲವು ಕ್ಷಣ ಒತ್ತಿಸಿ, ಪ್ರತಿ ಕೀಲಿನ ಬಳಿಯೂ ಕಿವಿಗೊಟ್ಟು ಕೇಳಿ. ಎಲ್ಲಾದರೂ ‘ಸುಸ್’ ಎಂದರೆ ಕಾರನ್ನು ಮತ್ತೆ ಜಾಕ್ ಮೇಲೆ ಹತ್ತಿಸಿ.